ಡೇಟಾ ಡಿಸ್ಕ್ ತಾನಾಗೇ ರೆಡಿ ಆಗಬೇಕು: ನಾಲ್ಕು ದಾರಿ ನೋಡಿ ಎಫ್‌ಎಸ್‌ಟ್ಯಾಬ್‌ನ ಒಂದು ಸಾಲಿಗೆ ನಿಂತೆ

ಮೊದಲೇ ಹೇಳಿಬಿಡುತ್ತೇನೆ. ಕ್ಲೌಡ್ ಸರ್ವರ್‌ಗೆ ಸೇರಿಸಿದ ಡೇಟಾ ಡಿಸ್ಕ್‌ಗೆ ಫೈಲ್‌ಸಿಸ್ಟಮ್ ಹಾಕಿ (ಅಂದರೆ ಫಾರ್ಮ್ಯಾಟ್ ಮಾಡಿ) ಮೌಂಟ್ ಮಾಡುವ (ಒಂದು ಡೈರೆಕ್ಟರಿಗೆ ಜೋಡಿಸುವ) ಕೆಲಸವನ್ನು ನಾನೀಗ ಲಿನಕ್ಸ್‌ನಲ್ಲಿ ಬೂಟ್ ಮತ್ತು ಸರ್ವಿಸ್‌ಗಳನ್ನು ನೋಡಿಕೊಳ್ಳುವ ಸಿಸ್ಟಮ್‌ಡಿಗೇ ಬಿಟ್ಟಿದ್ದೇನೆ. ಎಫ್‌ಎಸ್‌ಟ್ಯಾಬ್‌ನಲ್ಲಿ (ಯಾವ ಡಿಸ್ಕ್ ಎಲ್ಲಿ ಮೌಂಟ್ ಆಗಬೇಕು ಅನ್ನುವ ಪಟ್ಟಿ ಇರುವ ಫೈಲ್) ಒಂದೇ ಸಾಲು, ಅದರಲ್ಲಿ ‘ಎಕ್ಸ್-ಸಿಸ್ಟಮ್‌ಡಿ.ಮೇಕ್‌ಎಫ್‌ಎಸ್’ ಅನ್ನುವ ಆಪ್ಷನ್. ಕ್ಲೌಡ್-ಇನಿಟ್ (ಹೊಸ ಮಷೀನ್ ಮೊದಲ ಸಲ ಬೂಟ್ ಆದಾಗ ಅದನ್ನು ಸಜ್ಜು ಮಾಡುವ ಟೂಲ್), ಆನ್ಸಿಬಲ್ (ಹೊರಗಿನಿಂದ ಸರ್ವರ್ ಸೆಟಪ್ ಮಾಡುವ ಟೂಲ್), ಸಿಸ್ಟಮ್‌ಡಿ-ರೀಪಾರ್ಟ್ (ಪಾರ್ಟಿಷನ್ ಮಾಡುವ ಟೂಲ್) ಮೂರನ್ನೂ ಓಡಿಸಿ ನೋಡಿದ ಮೇಲೆ ಇಲ್ಲಿಗೆ ಬಂದೆ. ಬರುವಷ್ಟರಲ್ಲಿ ಒಂದು ಡೇಟಾಬೇಸ್ ಅಳಿಸಿಹೋಗಿತ್ತು.

ಶುರು ಮಾಡಿದ್ದು ಕ್ಲೌಡ್-ಇನಿಟ್‌ನಿಂದ. ಬಹುತೇಕ ಎಲ್ಲ ಕ್ಲೌಡ್ ಇಮೇಜ್‌ಗಳಲ್ಲಿ (ಮಷೀನ್ ಹುಟ್ಟಿಸಲು ಬಳಸುವ ಸಿದ್ಧ ಓಎಸ್ ಪ್ರತಿ) ಅದು ಮೊದಲೇ ಇರುತ್ತದೆ. ಯೂಸರ್ ಡೇಟಾದಲ್ಲಿ, ಅಂದರೆ ಮಷೀನ್ ಹುಟ್ಟಿಸುವಾಗ ಜೊತೆಗೆ ಕೊಡುವ ಫೈಲ್‌ನಲ್ಲಿ, ಮೂರು ತುಂಡು ಯಾಮಲ್ (ಸೆಟಪ್ ಬರೆಯುವ ಸರಳ ರೂಪ) ಬರೆದರೆ ಸಾಕು. ಡಿಸ್ಕ್ ಸೆಟಪ್ ಭಾಗ ಪಾರ್ಟಿಷನ್ ಮಾಡುತ್ತದೆ, ಎಫ್‌ಎಸ್ ಸೆಟಪ್ ಫೈಲ್‌ಸಿಸ್ಟಮ್ ಹಾಕುತ್ತದೆ, ಮೌಂಟ್ಸ್ ಭಾಗ ಎಫ್‌ಎಸ್‌ಟ್ಯಾಬ್‌ಗೆ ಸಾಲು ಸೇರಿಸುತ್ತದೆ. ಓದಿದರೆ ಯಾರಿಗಾದರೂ ಅರ್ಥವಾಗುತ್ತದೆ. ನನಗೂ ತುಂಬ ಹಿಡಿಸಿತ್ತು.

ನಮ್ಮದು ಚಿಕ್ಕ ಬಿಲ್ಲಿಂಗ್ ಸಾಫ್ಟ್‌ವೇರ್. ಪೋಸ್ಟ್‌ಗ್ರೆಸ್ ಡೇಟಾಬೇಸ್‌ಗೆ ಅಂತ 100 ಜಿಬಿಯ ಬೇರೆ ಡಿಸ್ಕ್ ಇಟ್ಟಿದ್ದೆವು. ಕ್ಲೌಡ್‌ನಲ್ಲಿ ಇವನ್ನೆಲ್ಲ ಕಟ್ಟುವ ಟೂಲ್ ಟೆರಾಫಾರ್ಮ್ ಮೊದಲು ಮಷೀನ್ ಹುಟ್ಟಿಸಿ, ಆಮೇಲೆ ಡಿಸ್ಕ್ ಅಟ್ಯಾಚ್ ಮಾಡುತ್ತಿತ್ತು. ಮಷೀನ್ ಐಡಿ ಸಿಗದೆ ಅಟ್ಯಾಚ್ ಮಾಡುವುದಾದರೂ ಹೇಗೆ, ಅಲ್ವಾ? ನಡುವೆ ಕೆಲವು ಸೆಕೆಂಡ್ ಹೋಗುತ್ತದೆ. ಕ್ಲೌಡ್-ಇನಿಟ್ ಡಿಸ್ಕ್ ಕೆಲಸ ಮಾಡುವುದು ಬೂಟ್‌ನ ಶುರುವಿನಲ್ಲೇ, ಅದೂ ಒಂದೇ ಸಲ. ಅದು ಕಾಯುವುದಿಲ್ಲ. ಡಿಸ್ಕ್ ಕಾಣಲಿಲ್ಲ, ಲಾಗ್‌ನಲ್ಲಿ ಬರೆದು ಮುಂದೆ ಹೋಯಿತು. ಮೌಂಟ್ಸ್ ಭಾಗವೂ ಅಷ್ಟೇ. ಇಲ್ಲದ ಡಿಸ್ಕ್‌ನ ಸಾಲನ್ನು ಎಫ್‌ಎಸ್‌ಟ್ಯಾಬ್‌ಗೆ ಸೇರಿಸಲೇ ಇಲ್ಲ.

ನಮಗೆ ಗೊತ್ತಾಗಿದ್ದು ಒಂಬತ್ತು ದಿನ ಆದಮೇಲೆ, ಓಎಸ್ ಇರುವ ರೂಟ್ ಡಿಸ್ಕ್ ತುಂಬಿದಾಗ. ‘ಡಿಎಫ್’ ಕೊಟ್ಟು ನೋಡಿದರೆ ರೂಟ್‌ನ 20 ಜಿಬಿ ಪೂರ್ತಿ ಭರ್ತಿ. ಅದರ ಕೆಳಗೆ ಇರಬೇಕಾಗಿದ್ದ ಡೇಟಾ ಅನ್ನುವ ಸಾಲೇ ಇಲ್ಲ. ‘ಎಲ್‌ಎಸ್‌ಬಿಎಲ್‌ಕೆ’ಯಲ್ಲಿ 100 ಜಿಬಿ ಡಿಸ್ಕ್ ಕಾಣುತ್ತದೆ, ಪಕ್ಕದ ಮೌಂಟ್ ಪಾಯಿಂಟ್ ಕಾಲಂ ಖಾಲಿ. ಡೈರೆಕ್ಟರಿ ಮಾತ್ರ ಇತ್ತು. ಪೋಸ್ಟ್‌ಗ್ರೆಸ್ ಒಂಬತ್ತು ದಿನ ಅದರೊಳಗೆ, ಅಂದರೆ ರೂಟ್ ಡಿಸ್ಕ್ ಮೇಲೇ ಬರೆಯುತ್ತಾ ಕೂತಿತ್ತು.

ಸರಿ, ಬೂಟ್‌ಸಿಎಂಡಿಯಲ್ಲಿ ಡಿಸ್ಕ್ ಬರುವವರೆಗೆ ಕಾಯುವ ಲೂಪ್ ಹಾಕಿದೆ. ಡಿಸ್ಕ್ ಸೆಟಪ್‌ಗಿಂತ ಮೊದಲು ಓಡುವ ಭಾಗ ಅದು. ಕೆಲಸ ಆಯಿತು. ಅದೇ ಹೊತ್ತಿಗೆ ಇನ್ನೊಂದು ಬದಲಾವಣೆಯನ್ನೂ ಮಾಡುತ್ತಿದ್ದೆ. ಕ್ಲೌಡ್-ಇನಿಟ್ ಸುಮ್ನೆ ಬಿಟ್ಟರೆ ಎಂಬಿಆರ್ ಅನ್ನುವ ಹಳೇ ನಮೂನೆಯ ಪಾರ್ಟಿಷನ್ ಟೇಬಲ್ ಮಾಡುತ್ತದೆ, 2 ಟಿಬಿ ದಾಟಿದರೆ ಅದು ಆಗುವುದಿಲ್ಲ. ಅದಕ್ಕೆ ಜಿಪಿಟಿ ಅನ್ನುವ ಹೊಸ ನಮೂನೆಗೆ ಬದಲಾಯಿಸಿದೆ. ಟೆಸ್ಟ್ ಡಿಸ್ಕ್‌ನಲ್ಲಿ ಹಳೇ ಎಂಬಿಆರ್ ಇದ್ದಿದ್ದರಿಂದ ಕ್ಲೌಡ್-ಇನಿಟ್ ಮುಟ್ಟಲು ಒಪ್ಪಲಿಲ್ಲ. ಒಪ್ಪದೆ ಇದ್ದದ್ದೇ ಸರಿ. ಆದರೆ ಸಂಜೆ ಏಳಾಗಿತ್ತು, ನಾನು ಡಿಸ್ಕ್ ಸೆಟಪ್, ಎಫ್‌ಎಸ್ ಸೆಟಪ್ ಎರಡೂ ಕಡೆ ‘ಓವರ್‌ರೈಟ್: ಟ್ರೂ’ (ಇರುವುದರ ಮೇಲೇ ಬರೆ) ಅಂತ ಬರೆದೆ. ಓಡಿತು. ಕಮಿಟ್ ಮಾಡಿ ಮನೆಗೆ ಹೋದೆ.

ಮೂರು ತಿಂಗಳ ನಂತರ ಹಳೇ ಇಮೇಜ್ ತೆಗೆದು ಹೊಸ ಇಮೇಜ್ ಮೇಲೆ ಸರ್ವರ್ ಎಬ್ಬಿಸಿದೆವು. ಡೇಟಾ ಡಿಸ್ಕ್ ಹಳೆಯದೇ, ಅದನ್ನು ಹೊಸ ಮಷೀನ್‌ಗೆ ಅಟ್ಯಾಚ್ ಮಾಡಿದ್ದು ಅಷ್ಟೇ. ಕ್ಲೌಡ್-ಇನಿಟ್ ‘ಒಂದೇ ಸಲ’ ಅನ್ನುವುದನ್ನು ಲೆಕ್ಕ ಹಾಕುವುದು ಮಷೀನ್‌ನ ಇನ್‌ಸ್ಟನ್ಸ್ ಐಡಿ ಮೇಲೆ. ಐಡಿ ಹೊಸದಾದರೆ ಅದಕ್ಕೆ ಅದು ಮೊದಲ ಬೂಟ್. ನಾನು ಬರೆದ ಲೂಪ್ ಡಿಸ್ಕ್ ಬರುವವರೆಗೆ ಕಾದಿತು. ಡಿಸ್ಕ್ ಬಂತು. ಹೊಸ ಪಾರ್ಟಿಷನ್ ಟೇಬಲ್, ಹೊಸ ಫೈಲ್‌ಸಿಸ್ಟಮ್. ಖಾಲಿ ಡೈರೆಕ್ಟರಿ ನೋಡಿ ನಮ್ಮ ಸ್ಕ್ರಿಪ್ಟ್ ಹೊಸ ಡೇಟಾಬೇಸ್ ಮಾಡಿತು, ಅಪ್ಲಿಕೇಶನ್ ಅದರಲ್ಲಿ ಟೇಬಲ್‌ಗಳನ್ನೂ ಮಾಡಿಕೊಂಡಿತು. ಹೆಲ್ತ್ ಚೆಕ್ ಎಲ್ಲ ಹಸಿರು.

ಬೆಳಗ್ಗೆ ಹತ್ತೂ ಇಪ್ಪತ್ತಕ್ಕೆ ಅಂಗಡಿಯಿಂದ ಫೋನ್. “ಸಾರ್, ಹಳೇ ಬಿಲ್ ಒಂದೂ ಕಾಣ್ತಿಲ್ಲ. ಬೆಳಗ್ಗೆ ಹಾಕಿದ್ದೂ ಇಲ್ಲ.” ರಾತ್ರಿ ಎರಡು ಗಂಟೆಯ ಸ್ನ್ಯಾಪ್‌ಶಾಟ್ (ಡಿಸ್ಕ್‌ನ ಆ ಹೊತ್ತಿನ ನಕಲು) ಇತ್ತು, ಅದರಿಂದ ವಾಪಸ್ ತಂದೆವು. ಆ ಬೆಳಗಿನ ಬಿಲ್‌ಗಳನ್ನು ಅವರು ಪ್ರಿಂಟ್ ಕಾಪಿ ಇಟ್ಟುಕೊಂಡು ಮತ್ತೆ ಕೈಯಾರೆ ಟೈಪ್ ಮಾಡಿದರು. ನನಗೆ ಇವತ್ತಿಗೂ ಅದು ನೋವಿನ ವಿಷಯ.

ಕ್ಲೌಡ್-ಇನಿಟ್‌ನ ತಪ್ಪು ಇದರಲ್ಲಿ ಇಲ್ಲ. ಓವರ್‌ರೈಟ್ ಬೇಡ ಅನ್ನುವುದೇ ಅದರ ಡಿಫಾಲ್ಟ್. ಆದರೂ ಯಾರೂ ನೋಡದೇ ಇರುವಾಗ ಓಡುವ ಫೈಲ್‌ನಲ್ಲಿ, ಒಂದು ಪದ ಬದಲಾದರೆ ಡಿಸ್ಕ್ ಅಳಿಸಿಹೋಗುವ ಆಪ್ಷನ್ ಇರುವುದೇ ನನಗೆ ಬೇಡವಾಗಿತ್ತು.

ಮೇಕ್‌ಎಫ್‌ಎಸ್‌ನಲ್ಲಿ ಆ ಆಪ್ಷನ್ ಇಲ್ಲವೇ ಇಲ್ಲ. ಡಿಸ್ಕ್ ಮೇಲೆ ಫೈಲ್‌ಸಿಸ್ಟಮ್, ಪಾರ್ಟಿಷನ್ ಟೇಬಲ್ ಹೀಗೆ ಯಾವುದೇ ಗುರುತು ಕಂಡರೂ ಅದು ಫಾರ್ಮ್ಯಾಟ್ ಮಾಡದೆ ಮುಂದೆ ಹೋಗುತ್ತದೆ. ಪೂರ್ತಿ ಖಾಲಿ ಇದ್ದರೆ ಮಾತ್ರ ಫೈಲ್‌ಸಿಸ್ಟಮ್ ಹಾಕುತ್ತದೆ. ಕಾಯುವ ತಲೆನೋವೂ ಇಲ್ಲ. ಮೌಂಟ್ ಯುನಿಟ್ (ಆ ಸಾಲಿನಿಂದ ಸಿಸ್ಟಮ್‌ಡಿ ಮಾಡಿಕೊಳ್ಳುವ ಮೌಂಟ್ ಕೆಲಸ) ಡಿಸ್ಕ್‌ನ ಮೇಲೆ ಅವಲಂಬಿಸಿರುವುದರಿಂದ ಸಿಸ್ಟಮ್‌ಡಿ ತಾನೇ 90 ಸೆಕೆಂಡ್ ಕಾಯುತ್ತದೆ. ಸಾಲದಿದ್ದರೆ ಡಿವೈಸ್-ಟೈಮ್‌ಔಟ್ ಅಂತ ಅದೇ ಸಾಲಿನಲ್ಲಿ ಹೆಚ್ಚಿಸಬಹುದು. ಪಕ್ಕದಲ್ಲೇ ‘ಗ್ರೋಎಫ್‌ಎಸ್’ ಸೇರಿಸಿದರೆ, ಕ್ಲೌಡ್‌ನಲ್ಲಿ ಡಿಸ್ಕ್ ದೊಡ್ಡದು ಮಾಡಿದಾಗ ಮುಂದಿನ ಮೌಂಟ್‌ನಲ್ಲಿ ಫೈಲ್‌ಸಿಸ್ಟಮ್ ಕೂಡ ಬೆಳೆಯುತ್ತದೆ. ಪಾರ್ಟಿಷನ್ ಮಾಡದೆ ಇಡೀ ಡಿಸ್ಕ್‌ಗೇ ಎಕ್ಸ್‌ಎಫ್‌ಎಸ್ ಅನ್ನುವ ಫೈಲ್‌ಸಿಸ್ಟಮ್ ಹಾಕುತ್ತೇನೆ. ಡೇಟಾ ಡಿಸ್ಕ್‌ಗೆ ಪಾರ್ಟಿಷನ್ ಇದ್ದರೆ ದೊಡ್ಡದು ಮಾಡುವಾಗ ಒಂದು ಕೆಲಸ ಜಾಸ್ತಿ, ಅಷ್ಟೇ.

ಕೊರತೆಯೂ ಇದೆ. ಫಾರ್ಮ್ಯಾಟ್ ಮಾಡುವಾಗ ನಿಮ್ಮ ಇಷ್ಟದ ಆಪ್ಷನ್ ಕೊಡಲು ಆಗುವುದಿಲ್ಲ. ಇಎಕ್ಸ್‌ಟಿ4 ಫೈಲ್‌ಸಿಸ್ಟಮ್ ಬೇಕು ಅನ್ನುವವರಿಗೆ ರೂಟ್ ಯೂಸರ್‌ಗೆ ಅಂತ 5% ಜಾಗ ಮೀಸಲು ಹೋಗುತ್ತದೆ, ಆಮೇಲೆ ‘ಟ್ಯೂನ್2ಎಫ್‌ಎಸ್’ ಕಮಾಂಡ್‌ನಲ್ಲಿ ಇಳಿಸಬೇಕು. ಆ ಎಫ್‌ಎಸ್‌ಟ್ಯಾಬ್ ಸಾಲನ್ನು ಹಾಕುವುದಕ್ಕೆ ಕ್ಲೌಡ್-ಇನಿಟ್ ಬೇಕೇ ಬೇಕು. ಮೌಂಟ್ಸ್ ಭಾಗ ಬಳಸಬೇಡಿ, ಡಿಸ್ಕ್ ತಡವಾದರೆ ಅದು ಸಾಲನ್ನು ಬಿಟ್ಟುಬಿಡುತ್ತದೆ. ಕ್ಲೌಡ್-ಇನಿಟ್‌ನದೇ ರೈಟ್ ಫೈಲ್ಸ್ ಭಾಗದಲ್ಲಿ ‘ಅಪೆಂಡ್’ (ಫೈಲ್‌ನ ಕೊನೆಗೆ ಸೇರಿಸು) ಹಾಕಿ ಬರೆಯಿರಿ. ಆಮೇಲೆ ಕಮಾಂಡ್‌ಗಳನ್ನು ಓಡಿಸುವ ರನ್‌ಸಿಎಂಡಿ ಭಾಗದಲ್ಲಿ, ಸಿಸ್ಟಮ್‌ಡಿ ಹೊಸ ಸಾಲನ್ನು ಓದಲಿ ಅಂತ ಡೀಮನ್-ರೀಲೋಡ್ ಮಾಡಿ, ಮೌಂಟ್ ಯುನಿಟ್ ಸ್ಟಾರ್ಟ್ ಮಾಡಿ. ಪೋಸ್ಟ್‌ಗ್ರೆಸ್ ಸರ್ವಿಸ್‌ಗೆ ‘ರಿಕ್ವೈರ್ಸ್‌ಮೌಂಟ್ಸ್‌ಫಾರ್’ ಅನ್ನುವ ಒಂದು ಸಾಲನ್ನೂ ಸೇರಿಸಿ. ಮೌಂಟ್ ಆಗದೆ ಅದು ಏಳುವುದೇ ಇಲ್ಲ. ಆ ಒಂಬತ್ತು ದಿನದ ಕಥೆ ಮತ್ತೆ ನಡೆಯದಂತೆ ತಡೆಯುವುದು ಇದೇ ಸಾಲು.

ಆನ್ಸಿಬಲ್ ಒಳ್ಳೆಯದೇ. ಅದರ ಫೈಲ್‌ಸಿಸ್ಟಮ್ ಮಾಡ್ಯೂಲ್ ‘ಫೋರ್ಸ್’ ಕೊಡದ ಹೊರತು ಹಳೇ ಫೈಲ್‌ಸಿಸ್ಟಮ್ ಅಳಿಸುವುದಿಲ್ಲ. ಆದರೆ ಮಷೀನ್ ಎದ್ದ ಮೇಲೆ ಯಾರಾದರೂ ಓಡಿಸಬೇಕು. ನಾವು ಇರುವುದು ಇಬ್ಬರೇ, ರಾತ್ರಿ ಸರ್ವರ್ ಬದಲಾದರೆ ಓಡಿಸುವವರು ಯಾರು? ಹತ್ತಾರು ಸರ್ವರ್ ಇದ್ದು, ಅದಕ್ಕೇ ಅಂತ ಜನ ಇದ್ದರೆ ನಾನೂ ಅದನ್ನೇ ಹಿಡಿಯುತ್ತಿದ್ದೆ.

ಸಿಸ್ಟಮ್‌ಡಿ-ರೀಪಾರ್ಟ್ 2020ರ ಮಾರ್ಚ್‌ನಲ್ಲಿ 245ನೇ ಆವೃತ್ತಿಯ ಜೊತೆ ಬಂತು. ಪಾರ್ಟಿಷನ್ ಸೇರಿಸುತ್ತದೆ, ದೊಡ್ಡದು ಮಾಡುತ್ತದೆ. ಇರುವುದನ್ನು ಚಿಕ್ಕದು ಮಾಡುವುದಿಲ್ಲ. ಅದರ ಈ ಗುಣ ನನಗೆ ತುಂಬ ಇಷ್ಟ. ಆದರೆ ಅದು ತಾನಾಗಿ ನೋಡುವುದು ರೂಟ್ ಇರುವ ಡಿಸ್ಕನ್ನು. ಬೇರೆ ಡಿಸ್ಕ್‌ಗೆ ಹೆಸರು ಕೊಟ್ಟು ಕರೆಯಬೇಕು, ಖಾಲಿ ಡಿಸ್ಕ್ ಆದರೆ ಅದಕ್ಕೂ ಅನುಮತಿ ಕೊಡಬೇಕು. ಸ್ವಂತ ಇಮೇಜ್ ಕಟ್ಟುವವರಿಗೆ ಹೇಳಿ ಮಾಡಿಸಿದ್ದು. ಫ್ಲಾಟ್‌ಕಾರ್ ಅಥವಾ ಫೆಡೋರಾ ಕೋರ್‌ಓಎಸ್ ಅನ್ನುವ ಲಿನಕ್ಸ್ ಬಳಸುವವರಿಗೆ ಮೊದಲ ಬೂಟ್‌ನಲ್ಲೇ ಡಿಸ್ಕ್ ಸಜ್ಜು ಮಾಡುವ ಇಗ್ನಿಷನ್ ಇದೆ, ಅವರು ಇದ್ಯಾವುದನ್ನೂ ನೋಡಬೇಕಾಗಿಲ್ಲ.

ಯಾವ ದಾರಿ ಹಿಡಿದರೂ ಡಿಸ್ಕ್‌ನ ಹೆಸರನ್ನು ಲಿನಕ್ಸ್ ಕೊಡುವ ಕ್ರಮದಲ್ಲಿ ಎನ್‌ವಿಎಂಇ ಒಂದು, ಎರಡು ಅಂತ ಬರೆಯಬೇಡಿ. ಬೂಟ್‌ನಿಂದ ಬೂಟ್‌ಗೆ ಆ ಕ್ರಮ ಬದಲಾಗಬಹುದು. ಬೈ-ಐಡಿ ಡೈರೆಕ್ಟರಿಯಲ್ಲಿರುವ, ಹಾಗೆ ಬದಲಾಗದ ಹೆಸರು ಬಳಸಿ. ಅಮೆಜಾನ್‌ನ ಕ್ಲೌಡ್ ಎಡಬ್ಲ್ಯೂಎಸ್‌ನ ನೈಟ್ರೋ ಮಷೀನ್‌ಗಳಲ್ಲಿ ಅದರೊಳಗೆ ವಾಲ್ಯೂಮ್ ಐಡಿ ಇರುತ್ತದೆ, ಗೂಗಲ್ ಕ್ಲೌಡ್‌ನಲ್ಲಿ ನೀವು ಕೊಟ್ಟ ಹೆಸರು ಇರುತ್ತದೆ.

ಕಳೆದ ತಿಂಗಳು ಮತ್ತೆ ಇಮೇಜ್ ಬದಲಾಯಿಸಿದೆವು. ಹಿಂದಿನ ದಿನ ಸ್ನ್ಯಾಪ್‌ಶಾಟ್‌ನಿಂದ ಒಂದು ಡಿಸ್ಕ್ ಮಾಡಿ, ಅದನ್ನು ಎರಡು ಗಂಟೆಗೆ ಬಾಡಿಗೆ ತಂದ ಸಣ್ಣ ಮಷೀನ್‌ಗೆ ಇದೇ ಯೂಸರ್ ಡೇಟಾದ ಜೊತೆ ಸೇರಿಸಿ ಬೂಟ್ ಮಾಡಿದೆ. ಜರ್ನಲ್‌ನಲ್ಲಿ (ಸಿಸ್ಟಮ್‌ಡಿಯ ಲಾಗ್) ಡಿಸ್ಕ್ ಖಾಲಿ ಇಲ್ಲ, ಎಕ್ಸ್‌ಎಫ್‌ಎಸ್ ಇದೆ ಅನ್ನುವ ಸಾಲು ಬಂತು. ಬಿಲ್ ಟೇಬಲ್‌ನ ಕೊನೆಯ ನಂಬರ್ ನೋಡಿದೆ, ಅಂಗಡಿಯವರ ಹಿಂದಿನ ದಿನದ ಕೊನೆಯ ಬಿಲ್ಲಿಗೆ ಸರಿಹೊಂದಿತು. ಆಮೇಲೆ ನಿಜವಾದ ಸರ್ವರ್ ಮುಟ್ಟಿದೆ.