ಗೋಕುಲ ರೋಡಿನ ಶೆಡ್ಡಿಗೆ ತಂದ ಮಿಗ್ ಮಷೀನು

ನಮ್ಮದು ಹುಬ್ಬಳ್ಳಿಯಲ್ಲಿ ಸಣ್ಣ ಶೆಡ್ಡು, ಟೆಂಪೋ ಬಾಡಿ, ಟ್ರ್ಯಾಲಿ ಕೆಲಸ. ಮೊದಲು ರಾಡ್ ವೆಲ್ಡಿಂಗ್ ಒಂದೇ ಇತ್ತು. ದಪ್ಪ ಆಂಗಲ್ಲಿಗೆ ಈಗಲೂ ಅದೇ ಸಾಕು, ಆದರೆ 1 ಎಂಎಂ ಶೀಟಿಗೆ ರಾಡ್ ಮುಟ್ಟಿಸಿದರೆ ತೂತೇ! ಅದಕ್ಕೇ 250 ಆಂಪ್ಸ್ ಮಿಗ್ ತಂದೆ, ಅಂದರೆ ರಾಡಿನ ಬದಲು ತೆಳು ವೈರು ತಾನೇ ಬರುತ್ತಾ, ಗಾಳಿ ತಾಗದಂತೆ ಸುತ್ತ ಗ್ಯಾಸು ಬಿಡುವ ವೆಲ್ಡಿಂಗ್ ಮಷೀನು. 0.8 ಎಂಎಂ ವೈರು, ಸಿಓಟು ಗ್ಯಾಸು ಹಾಕಿ ಚುಕ್ಕಿ ಚುಕ್ಕಿಯಾಗಿ ಹೊಡೆದರೆ ಡೋರ್ ಶೀಟೂ ಚೆನ್ನಾಗಿ ಕೂಡುತ್ತದೆ, ರಾಡ್ ವೆಲ್ಡಿನ ಮೇಲೆ ಕೂರುವ ಗಟ್ಟಿ ಪದರ, ಅದೇ ಸ್ಲ್ಯಾಗ್, ಕುಟ್ಟುವ ಗೋಜೂ ಇಲ್ಲ. ತಲೆನೋವು ಅಂದರೆ ಆಷಾಢದ ಗಾಳಿ. ಶಟರ್ ತೆರೆದಿದ್ದರೆ ಗ್ಯಾಸು ಹಾರಿಹೋಗಿ ವೆಲ್ಡಿನ ತುಂಬಾ ಸಣ್ಣ ಸಣ್ಣ ರಂಧ್ರ. ಅಂಗಡಿಯವರು ಸುಮ್ನೆ ಆಂಪ್ಸ್ ಹೇಳಿ ಮಾರುತ್ತಾರೆ, ನೀವು ಡ್ಯೂಟಿ ಸೈಕಲ್ ಕೇಳಿ. ಶೇ 60 ಅಂದರೆ ಆ ಆಂಪ್ಸಿನಲ್ಲಿ 10 ನಿಮಿಷಕ್ಕೆ 6 ನಿಮಿಷ ಮಾತ್ರ ಓಡಿಸಬಹುದು. ಹಾಂ, ಗಾಡಿಗೆ ವೆಲ್ಡ್ ಹೊಡೆಯುವ ಮುಂಚೆ ಬ್ಯಾಟರಿ ವೈರ್ ಬಿಚ್ಚಿಡಿ.