ಒಂದೇ ರೂಪಾಯಿ ಅಂತ ಪಿನ್ ಹಾಕಬೇಡಿ

ಮೂರು ತಿಂಗಳಿಂದ ನನ್ನ ಖಾತೆಯಿಂದ ತಿಂಗಳಿಗೆ 499 ರೂಪಾಯಿ ಹೋಗುತ್ತಿತ್ತು. ಗೊತ್ತಾಗಿದ್ದು ಕಳೆದ ಶನಿವಾರ, ಕಿರಾಣಿ ಅಂಗಡಿಯಲ್ಲಿ. 640 ರೂಪಾಯಿ ಸಾಮಾನು ಕಟ್ಟಿಸಿ, ಸ್ಕ್ಯಾನ್ ಮಾಡಿ, ಪಿನ್ ಹಾಕಿದರೆ ಖಾತೆಯಲ್ಲಿ ಅಷ್ಟು ಹಣ ಇಲ್ಲ ಅಂತ ಬಂತು. ಹಿಂದೆ ಐದಾರು ಜನ ನಿಂತಿದ್ದರು. ಅಂಗಡಿಯವರು "ಇರ್ಲಿ ಬಿಡಕ್ಕಾ, ನಾಳೆ ಕೊಡ್ರಿ" ಅಂದರು. ನನಗೆ ಅಲ್ಲೇ ಭೂಮಿ ಬಾಯಿಬಿಡಬಾರದೇ ಅನ್ನಿಸಿತು. ಇಪ್ಪತ್ತು ವರ್ಷದಿಂದ ಆ ಅಂಗಡಿಯಲ್ಲಿ ಒಂದು ದಿನ ಸಾಲ ಹೇಳಿದವಳಲ್ಲ ನಾನು.

ಮನೆಗೆ ಬಂದು ಸ್ಟೇಟ್‌ಮೆಂಟ್ ತೆಗೆದೆ. 499, 499, 499. ಅದಕ್ಕೂ ಮುಂಚೆ ಒಂದು ರೂಪಾಯಿ. ಆ ಒಂದು ರೂಪಾಯಿ ನೋಡಿದ ಕೂಡಲೇ ಎಲ್ಲ ನೆನಪಾಯಿತು.

ಮಗಳು ಮೂರನೇ ಕ್ಲಾಸು. ಮಗ್ಗಿ ಕಲಿಸುವ ಗೇಮ್ ಅಂತ ಒಂದು ಆಪ್ ಹಾಕಿಕೊಟ್ಟಿದ್ದೆ. ಮೊದಲ ಮೂರು ಹಂತ ಪುಕ್ಕಟೆ. ಮಗು ಚೆನ್ನಾಗಿ ಆಡುತ್ತಾ ಹೋಗಿ, ಇನ್ನೇನು ನಕ್ಷತ್ರ ಸಿಗಬೇಕು ಅನ್ನುವಾಗ ನಾಲ್ಕನೆಯದಕ್ಕೆ ಬೀಗ. "ಅಮ್ಮಾ, ಒಂದೇ ರೂಪಾಯಿ ಅಂತೆ" ಅಂತ ಓಡಿ ಬಂದಳು. ನೋಡಿದೆ. ದೊಡ್ಡ ಹಸಿರು ಬಟನ್, ಏಳು ದಿನಕ್ಕೆ ಒಂದು ರೂಪಾಯಿ. ಅದರ ಕೆಳಗೆ ಸಣ್ಣದಾಗಿ, ಬಿಳಿ ಮೇಲೆ ಬೂದು ಬಣ್ಣದಲ್ಲಿ, "ಬೇಡ, ನನ್ನ ಮಗು ಹಿಂದೆ ಉಳಿದರೂ ಪರವಾಗಿಲ್ಲ" ಅಂತ ಇನ್ನೊಂದು. ಯಾವ ತಾಯಿ ಇದನ್ನು ಒತ್ತುತ್ತಾಳೆ ಹೇಳಿ? ಮಗು ಪಕ್ಕದಲ್ಲೇ ನಿಂತು ಓದುತ್ತಿದೆ! ಮುಚ್ಚುವ ಗುರುತು ಮೂಲೆಯಲ್ಲಿ ಎಲ್ಲಿತ್ತೋ, ನನಗಂತೂ ಕಾಣಲಿಲ್ಲ. ಹಸಿರು ಒತ್ತಿದೆ, ಯುಪಿಐ ಪಿನ್ ಹಾಕಿದೆ.

ನಾನು ಕೊಟ್ಟಿದ್ದು ಒಂದು ರೂಪಾಯಿ ಅಂದುಕೊಂಡೆ. ನಿಜವಾಗಿ ಕೊಟ್ಟಿದ್ದು ಆಟೋಪೇ ಅನುಮತಿ, ಅಂದರೆ ತಿಂಗಳು ತಿಂಗಳು ತಾನಾಗಿಯೇ ಹಣ ತೆಗೆದುಕೊಳ್ಳಲು ಒಪ್ಪಿಗೆ. ಒಮ್ಮೆ ಪಿನ್ ಹಾಕಿಬಿಟ್ಟರೆ ಮುಂದಿನ ಸಲ ಹಣ ಹೋಗುವಾಗ ಪಿನ್ ಕೇಳುವುದೇ ಇಲ್ಲ. ಇಂಥ ಕಂತುಗಳಿಗೆ ರಿಸರ್ವ್ ಬ್ಯಾಂಕ್ 15,000 ರೂಪಾಯಿವರೆಗೆ ಅದಕ್ಕೆ ಅವಕಾಶ ಕೊಟ್ಟಿದೆ. ಪಿನ್ ಹಾಕುವ ಪರದೆಯಲ್ಲಿ 499 ಇರಲಿಲ್ಲವೇ? ಇತ್ತು. ಒಂದು ಸಣ್ಣ ಬಾಣದ ಗುರುತು ಒತ್ತಿದರೆ ಬಿಚ್ಚಿಕೊಳ್ಳುವ ವಿವರದೊಳಗೆ ಇತ್ತು. ಮೇಲೆ ದಪ್ಪಕ್ಷರದಲ್ಲಿ ಇದ್ದದ್ದು ಒಂದು ರೂಪಾಯಿ ಮಾತ್ರ.

ಎರಡನೇ ದಿನಕ್ಕೇ ಮಗಳಿಗೆ ಬೇಜಾರಾಗಿ ಆಪ್ ತೆಗೆದುಹಾಕಿದ್ದೆ. ಆಪ್ ಇಲ್ಲ, ಇನ್ನೇನು ಲೆಕ್ಕ ಮುಗಿಯಿತು ಅಂತ ನಂಬಿದ್ದೆ. ಮುಗಿದಿರಲಿಲ್ಲ. ಆಪ್ ಡಿಲೀಟ್ ಮಾಡಿದರೆ ಆಟೋಪೇ ರದ್ದಾಗುವುದಿಲ್ಲ. ಇನ್ನೊಮ್ಮೆ ಹೇಳುತ್ತೇನೆ, ಆಪ್ ಡಿಲೀಟ್ ಮಾಡಿದರೆ ಆಟೋಪೇ ರದ್ದಾಗುವುದಿಲ್ಲ. ಹಣ ತೆಗೆಯುವ 24 ಗಂಟೆ ಮೊದಲು ತಿಳಿಸಬೇಕು ಅಂತ ನಿಯಮ ಇದೆ. ತಿಳಿಸಿದ್ದಾರೆ ಕೂಡ. ಸಾಲ ಬೇಕೇ, ಸೀರೆ ಸೇಲ್ ಇದೆ ಅನ್ನುವ ಮೆಸೇಜುಗಳ ನಡುವೆ ಇಂಗ್ಲಿಷಿನಲ್ಲಿ ಒಂದು ಸಾಲು.

ಇನ್ನು ಆಪ್ ಕಂಪನಿಯವರ ಉತ್ತರಗಳು. ಇದನ್ನು ನೆನೆದರೆ ಈಗಲೂ ಮೈ ಉರಿಯುತ್ತದೆ. ಫೋನ್ ನಂಬರ್ ಇಲ್ಲ, ಚಾಟ್ ಮಾತ್ರ. ಅಲ್ಲಿ ಆಯ್ಕೆ ಮೂರು: ಪಾಸ್‌ವರ್ಡ್ ಮರೆತಿದೆ, ಆಟ ತೆರೆಯುತ್ತಿಲ್ಲ, ಪ್ಲಾನ್ ಬದಲಿಸಬೇಕು. ಹಣ ವಾಪಸ್ ಬೇಕು ಅನ್ನುವುದಕ್ಕೆ ಜಾಗವೇ ಇಲ್ಲ. ಬರೆದು ಕಳಿಸಿದೆ. "ತೊಂದರೆಗೆ ವಿಷಾದಿಸುತ್ತೇವೆ, ನೀವು ನಿಯಮಗಳಿಗೆ ಒಪ್ಪಿದ್ದೀರಿ." ಮಗು ಮೂರು ತಿಂಗಳಿಂದ ಆಪ್ ತೆರೆದೇ ಇಲ್ಲ, ನಿಮ್ಮಲ್ಲೇ ನೋಡಿ ಅಂದೆ. "ಬಳಸದಿರುವುದು ಹಣ ಮರಳಿಸಲು ಕಾರಣವಲ್ಲ." ಮೂರನೇ ಸಲ ಬರೆದೆ. ಆಗ ಬಂದ ಉತ್ತರ ಕೇಳಿ: "ವರ್ಷದ ಪ್ಲಾನ್ ತೆಗೆದುಕೊಂಡರೆ ನಿಮಗೆ ವಿಶೇಷ ರಿಯಾಯಿತಿ ಕೊಡುತ್ತೇವೆ." ನನ್ನ ಹಣ ನನಗೆ ಕೊಡಿ ಅಂತ ಕೇಳಿದವಳಿಗೆ ಇನ್ನಷ್ಟು ಕೊಡು ಅನ್ನುತ್ತಾರೆ!

ಸಿಟ್ಟಿನಲ್ಲಿ ಗೂಗಲ್‌ನಲ್ಲಿ ಅವರ ಕಸ್ಟಮರ್ ಕೇರ್ ನಂಬರ್ ಹುಡುಕಿ ಫೋನ್ ಮಾಡಿದೆ. ಆ ಕಡೆಯವನು ಬಹಳ ವಿನಯವಾಗಿ, ಹಣ ಈಗಲೇ ಹಾಕುತ್ತೇನೆ, ಸ್ಕ್ರೀನ್ ತೋರಿಸುವ ಒಂದು ಆಪ್ ಹಾಕಿಕೊಳ್ಳಿ ಮೇಡಂ ಅಂದ. ಪಕ್ಕದಲ್ಲಿದ್ದ ಮೈದುನ ಫೋನ್ ಕಿತ್ತುಕೊಂಡು ಕಟ್ ಮಾಡಿದ. ಅದು ಕಳ್ಳರ ನಂಬರ್. ಮೈದುನ ಇಲ್ಲದಿದ್ದರೆ ಉಳಿದದ್ದೂ ಹೋಗುತ್ತಿತ್ತು. ದಯವಿಟ್ಟು ನಂಬರ್ ಹುಡುಕಿ ಫೋನ್ ಮಾಡಬೇಡಿ. ಹಾಗೆ ಹಣ ಹೋಗಿಬಿಟ್ಟರೆ ತಡಮಾಡದೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಹೇಳಿ.

ನಾನು ಕೊನೆಗೆ 1915, ರಾಷ್ಟ್ರೀಯ ಗ್ರಾಹಕ ಸಹಾಯವಾಣಿಗೆ ದೂರು ಕೊಟ್ಟೆ. ಕನ್ನಡದಲ್ಲೇ ಕೇಳಿಸಿಕೊಂಡರು. ಹೀಗೆ ಪರದೆಯ ಮೇಲೆ ಮರುಳುಮಾಡಿ ಒಪ್ಪಿಸುವುದಕ್ಕೆ ಡಾರ್ಕ್ ಪ್ಯಾಟರ್ನ್ ಅಂತ ಹೆಸರೇ ಇದೆಯಂತೆ. 2023ರ ನವೆಂಬರ್‌ನಲ್ಲಿ ಕೇಂದ್ರದ ಗ್ರಾಹಕ ರಕ್ಷಣಾ ಪ್ರಾಧಿಕಾರ ಇಂಥ 13 ಬಗೆಯ ತಂತ್ರಗಳನ್ನು ನಿಷೇಧಿಸಿದೆ. ಪುಕ್ಕಟೆ ಅಂತ ಹೇಳಿ ಆಟೋಪೇಗೆ ಒಪ್ಪಿಸಿಕೊಳ್ಳುವುದೂ, ಬೇಡ ಅನ್ನುವವರನ್ನು ನಾಚಿಸುವುದೂ ಆ ಪಟ್ಟಿಯಲ್ಲಿವೆ. ನನ್ನ ಮಗಳ ಮುಂದೆ ನನಗೆ ಮಾಡಿದ್ದು ಅದನ್ನೇ. ದೂರಿನ ನಂತರ ಒಂದು 499 ವಾಪಸ್ ಬಂತು, "ಸೌಹಾರ್ದಕ್ಕಾಗಿ" ಅಂತೆ. ಉಳಿದ 998 ಬಂದಿಲ್ಲ. ಬಿಡುವುದಿಲ್ಲ ನಾನು.

ನೀವು ಈಗಲೇ ನಿಮ್ಮ ಯುಪಿಐ ಆಪ್ ತೆರೆಯಿರಿ. ಪ್ರೊಫೈಲ್ ಒಳಗೆ ಆಟೋಪೇ ಅಥವಾ ಮ್ಯಾಂಡೇಟ್ ಅಂತ ಇರುತ್ತದೆ. ಬೇಡದ್ದನ್ನು ಅಲ್ಲೇ ರದ್ದು ಮಾಡಿ, ಅದಕ್ಕೆ ಪಿನ್ ಕೇಳುತ್ತದೆ. ಗೂಗಲ್ ಪ್ಲೇ ಮೂಲಕ ಕಟ್ಟಿದ್ದರೆ ಪ್ಲೇ ಸ್ಟೋರ್‌ನ ಸಬ್‌ಸ್ಕ್ರಿಪ್ಷನ್‌ನಲ್ಲಿ ನೋಡಿ. ಮನೆಯಲ್ಲಿ ವಯಸ್ಸಾದವರ ಫೋನನ್ನೂ ನೋಡಿ.

ನಿನ್ನೆ ರಾತ್ರಿ ಅತ್ತೆಯ ಫೋನ್ ತೆಗೆದು ನೋಡಿದೆ. ಭಜನೆ ಕೇಳುವ ಆಪ್‌ಗೆ ತಿಂಗಳಿಗೆ 199 ರೂಪಾಯಿ ಹೋಗುತ್ತಿದೆ, ಹತ್ತು ತಿಂಗಳಿಂದ. "ಒಂದು ರೂಪಾಯಿ ಅಂದಿದ್ರಲ್ಲವ್ವ" ಅಂದರು.