ಉಸಿರಿನ ಸಂಕಟಕ್ಕೆ ಪುಟ್ಟ ಫ್ಯಾನೋ, ಆಮ್ಲಜನಕವೋ?

ಗಂಭೀರ ಕಾಯಿಲೆಯ ನೋವು, ಸಂಕಟ ತಗ್ಗಿಸುವ ಉಪಶಾಮಕ ಆರೈಕೆಯಲ್ಲಿರುವವರಿಗೆ ಉಸಿರು ಕಟ್ಟಿದಂತಾದಾಗ ಮನೆಯವರು ಮೊದಲು ಕೇಳುವುದು ಆಮ್ಲಜನಕವನ್ನೇ. ಅನುಭವಿ ದಾದಿ ಹಲವು ಸಲ ಮೊದಲು ಕೈಗೆತ್ತಿಕೊಳ್ಳುವುದು ಬ್ಯಾಟರಿಯ ಪುಟ್ಟ ಫ್ಯಾನ್. ಆ ಕ್ರಮವೇ ಸರಿ ಎಂದು ನಾನು ನಂಬುತ್ತೇನೆ.

ಫ್ಯಾನನ್ನು ಮುಖದಿಂದ ಸುಮಾರು 15 ಸೆಂಟಿಮೀಟರ್ ದೂರದಲ್ಲಿ ಹಿಡಿದು, ಗಾಳಿ ಮೂಗು, ಕೆನ್ನೆ, ಮೇಲ್ತುಟಿಗೆ ತಾಗುವಂತೆ ನಿಧಾನವಾಗಿ ಆಡಿಸುತ್ತಾರೆ. ಅಲ್ಲಿನ ನರಗಳಿಗೆ ತಂಪು ತಾಗಿದಾಗ ಉಸಿರಿಗಾಗಿ ಪರದಾಡುವ ಭಾವ ತಗ್ಗುತ್ತದೆ. ಜೊತೆಗೆ ರೋಗಿಯನ್ನು ತುಸು ಮುಂದಕ್ಕೆ ಬಾಗಿಸಿ ಕೂರಿಸಿ, ಮೇಜಿನ ಮೇಲಿನ ದಿಂಬಿಗೆ ಮೊಳಕೈ ಊರಿಸಿ, ಬಿಗಿದ ಹೆಗಲು ಸಡಿಲಾಗುವವರೆಗೆ ದಾದಿ ಪಕ್ಕದಲ್ಲೇ ಕುಳಿತು ನೀಳವಾಗಿ ಉಸಿರು ಬಿಡಿಸುತ್ತಾರೆ. ಫ್ಯಾನ್ ರೋಗಿಯ ಕೈಯಲ್ಲೇ ಇರುತ್ತದೆ. ನಡುರಾತ್ರಿ ತಾನೇ ಏನಾದರೂ ಮಾಡಿಕೊಳ್ಳಬಲ್ಲೆ ಎಂಬ ಧೈರ್ಯ ಸಣ್ಣದಲ್ಲ.

ಆಮ್ಲಜನಕದ ಮಾತು ಬೇರೆ. ರಕ್ತದಲ್ಲಿ ಅದರ ಮಟ್ಟ ಕುಸಿದಿದ್ದರೆ ಅದು ನೆರವಾಗಬಲ್ಲದು. ಮಟ್ಟ ತೀರಾ ಇಳಿಯದವರಲ್ಲಿ? 2010ರಲ್ಲಿ ಪ್ರಕಟವಾದ, 239 ರೋಗಿಗಳ ಅಧ್ಯಯನದಲ್ಲಿ ಮೂಗಿನ ನಳಿಕೆಯಿಂದ ಆಮ್ಲಜನಕ ಪಡೆದವರಿಗಿಂತ ಸಾಮಾನ್ಯ ಗಾಳಿ ಪಡೆದವರ ನೆಮ್ಮದಿ ಕಡಿಮೆಯೇನೂ ಇರಲಿಲ್ಲ. ಮೇಲಾಗಿ ಮೂಗು ಒಣಗುತ್ತದೆ, ನಳಿಕೆ ಒತ್ತಿ ಕಿವಿಯ ಹಿಂದೆ ಹುಣ್ಣಾಗಬಹುದು, ಬೆಂಕಿಯ ಅಪಾಯ ಬೇರೆ. ಮುತ್ತಿಡಲು ಬಂದ ಮೊಮ್ಮಗುವಿಗೂ ಆ ನಳಿಕೆ ಅಡ್ಡ.

ಇವು ಸಾಲದಾದಾಗ ವೈದ್ಯರು ಕಡಿಮೆ ಪ್ರಮಾಣದ ಮಾರ್ಫಿನ್ ಎಂಬ ಪ್ರಬಲ ನೋವುನಿವಾರಕ ಬರೆಯಬಹುದು. ಅದರಿಂದಾಗುವ ಮಲಬದ್ಧತೆಗೆ ಮದ್ದು ಜೊತೆಯಲ್ಲೇ ಇರಬೇಕು. ಮೂತ್ರಪಿಂಡ ದುರ್ಬಲವಾಗಿದ್ದರೆ ಹೆಚ್ಚಿನ ಎಚ್ಚರ ಬೇಕು.

ಉಸಿರಾಟ ಏಕಾಏಕಿ ಹದಗೆಟ್ಟರೆ ಮಾತ್ರ ಫ್ಯಾನ್ ಹಿಡಿದು ಕಾಯಬೇಡಿ, ಆರೈಕೆಯ ತಂಡಕ್ಕೆ ತಕ್ಷಣ ತಿಳಿಸಿ.